ಇಂಗ್ಲಿಷ್ ಕಲಿಸೋಕೆ ಹೋಗೋ ಮುಂಚೆ ಸ್ವಲ್ಪ ಜಾರ್ಜಿಯನ್

ಎಂಟನೇ ಸೆಮಿಸ್ಟರ್ ಬಂತು ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಎರಡೇ ಮಾತು: ಪ್ಲೇಸ್‌ಮೆಂಟು, ಇಲ್ಲಾಂದ್ರೆ ಎಂ.ಎಸ್. ಈ ಸಲ ಮೂರನೆಯದೊಂದು ಸೇರಿದೆ. ಒಂದು ವರ್ಷ ಹೊರದೇಶದ ಯಾವುದಾದ್ರೂ ಸಣ್ಣ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಬರೋಣ ಅನ್ನೋ ಆಸೆ. ಒಳ್ಳೇ ಆಸೆಯೇ. ಆದರೆ "ನಮಗೆ ಇಂಗ್ಲಿಷ್ ಬರುತ್ತಲ್ಲ, ಇನ್ನೇನು ಬೇಕು?" ಅನ್ನುವವರಿಗಾಗಿ ಈ ಪಾಠ. ಉದಾಹರಣೆಗೆ ನಾವು ತೆಗೆದುಕೊಂಡಿರುವುದು ಜಾರ್ಜಿಯಾ. ಅಮೆರಿಕದ ರಾಜ್ಯ ಅಲ್ಲ, ಕಾಕಸಸ್ ಬೆಟ್ಟಗಳ ಪುಟ್ಟ ದೇಶ.

1991ರ ತನಕ ಸೋವಿಯತ್ ಒಕ್ಕೂಟದಲ್ಲಿದ್ದ ಕಾರಣ ಅಲ್ಲಿನ ಶಾಲೆಗಳಲ್ಲಿ ಆಗ ಎರಡನೇ ಭಾಷೆ ರಷ್ಯನ್ ಆಗಿತ್ತು. 2010ರಲ್ಲಿ ಸರ್ಕಾರ 'ಟೀಚ್ ಅಂಡ್ ಲರ್ನ್ ವಿತ್ ಜಾರ್ಜಿಯಾ' ಅನ್ನೋ ಯೋಜನೆ ಶುರು ಮಾಡಿ, ಇಂಗ್ಲಿಷ್ ಮಾತಾಡುವ ಸ್ವಯಂಸೇವಕರನ್ನು ಹೊರದೇಶಗಳಿಂದ ಕರೆಸಿ ಹಳ್ಳಿಹಳ್ಳಿಗೆ ಕಳಿಸಿತು. ವಿಮಾನದ ಟಿಕೆಟ್ಟು, ತಿಂಗಳ ಖರ್ಚಿಗೊಂದಿಷ್ಟು ಹಣ, ಊರಿನವರ ಮನೆಯಲ್ಲೇ ಊಟ-ವಾಸ. ಶಿಕ್ಷಕ ತರಬೇತಿ ಕಡ್ಡಾಯ ಇರಲಿಲ್ಲ. ಅಲ್ಲೇ ತೊಡಕು.

ಆ ಭಾಷೆಯ ಲಿಪಿ ನೋಡಿದ ಕೂಡಲೇ ನಮಗೆ ಖುಷಿಯಾಯ್ತು. ದುಂಡುದುಂಡಗೆ, ಕನ್ನಡದ ದೂರದ ನೆಂಟನ ಥರ. ನೆಂಟಸ್ತಿಕೆ ಏನೂ ಇಲ್ಲ ಬಿಡಿ. ನಮ್ಮದು ಬ್ರಾಹ್ಮಿಯಿಂದ ಬಂದದ್ದು, ಅದರ ದಾರಿ ಬೇರೆ. 33 ಅಕ್ಷರ. ನಮ್ಮ ಹಾಗೇ ಕ್ಯಾಪಿಟಲ್, ಸ್ಮಾಲ್ ಅನ್ನೋ ಗೊಡವೆ ಇಲ್ಲ. ಹಾಗಾಗಿ ಅಲ್ಲಿನ ಮಗು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸ್ಮಾಲ್ ಲೆಟರಿನಿಂದ ಶುರು ಮಾಡಿದ್ರೆ ಅದು ಅಸಡ್ಡೆ ಅಲ್ಲ, ಮಾತೃಭಾಷೆಯ ಅಭ್ಯಾಸ.

ಉಚ್ಚಾರಣೆಯಲ್ಲೂ ಹೀಗೇ. ಜಾರ್ಜಿಯನ್ನಿನಲ್ಲಿ ಇಂಗ್ಲಿಷಿನ 'ಎಫ್' ಧ್ವನಿ ಇಲ್ಲ. ಅದರ ಜಾಗಕ್ಕೆ ಬರೋದು ಮಹಾಪ್ರಾಣ, ಅಂದ್ರೆ ವ್ಯಾಕರಣದ ಪ್ರಕಾರ 'ಫಲ' ಅನ್ನುವಾಗ ಬರಬೇಕಾದ 'ಫ'. (ನಮ್ಮ ಕಥೆ ಉಲ್ಟಾ, 'ಫಲ'ಕ್ಕೂ ಎಫ್ ಹಾಕ್ತೀವಿ.) 'ಫೈವ್' ಅನ್ನುವಾಗ ಮಗುವಿನ ಎರಡೂ ತುಟಿ ಮುಚ್ಚಿಕೊಳ್ಳುತ್ತವೆ. "ತಪ್ಪು, ಇನ್ನೊಮ್ಮೆ ಹೇಳು" ಅಂತ ಹತ್ತು ಸಲ ಹೇಳಿಸಿದ್ರೂ ಅದೇ ಬರುತ್ತೆ. ಮೇಲಿನ ಹಲ್ಲನ್ನು ಕೆಳತುಟಿಗೆ ತಾಗಿಸಿ ಗಾಳಿ ಊದಿ ತೋರಿಸಿದ್ರೆ ಕೆಲಸ ಆದೀತು. ಇನ್ನು 'ವಿ' ಮತ್ತು 'ಡಬ್ಲ್ಯು' ವ್ಯತ್ಯಾಸದಲ್ಲಿ ನಾವೂ ಅವರ ಪಕ್ಕದ ಬೆಂಚಿನವರೇ. 'ವೆಸ್ಟ್' ಅಂದ್ರೆ ಪಶ್ಚಿಮವೋ ಬನಿಯನ್ನೋ ನಮ್ಮ ಬಾಯಿಂದಲೂ ತಿಳಿಯೋದಿಲ್ಲ!

ಅವನು, ಅವಳು, ಅದು ಮೂರಕ್ಕೂ ಅಲ್ಲಿ ಒಂದೇ ಪದ: 'ಇಸ್'. ಅಜ್ಜಿಯ ಬಗ್ಗೆ ಹೇಳುತ್ತಾ ಮಗು 'ಹಿ' ಅಂದುಬಿಟ್ಟರೆ ನಗಬೇಡಿ. 'ಬೆಬಿಯಾ' ಅಂದ್ರೆ ಅಜ್ಜಿ, 'ಬಾಬುವಾ' ಅಂದ್ರೆ ತಾತ. ಎರಡು ಚಿತ್ರ ಬರೆದು, ಒಂದರ ಕೆಳಗೆ 'ಶಿ', ಇನ್ನೊಂದರ ಕೆಳಗೆ 'ಹಿ' ಅಂತ ಬರೆದರೆ ಸಾಕು.

ನಮಗೆ ಅತಿ ಹೆಚ್ಚು ಹಿಡಿಸಿದ್ದು ಅವರ ಲೆಕ್ಕ. ಇಪ್ಪತ್ತರ ಮೇಲಿನ ಎಣಿಕೆ ಇಪ್ಪತ್ತಿಪ್ಪತ್ತರ ಗುಂಪಿನಲ್ಲಿ ನಡೆಯುತ್ತೆ. 40 ಅಂದ್ರೆ ಎರಡು ಇಪ್ಪತ್ತು. 75 ಅಂದ್ರೆ ಮೂರು ಇಪ್ಪತ್ತು ಮತ್ತು ಹದಿನೈದು. 99 ಅಂದ್ರೆ ನಾಲ್ಕು ಇಪ್ಪತ್ತು ಮತ್ತು ಹತ್ತೊಂಬತ್ತು. 'ಸೆವೆಂಟಿ ಫೈವ್' ಅನ್ನೋಕೆ ಮೊದಲು ಮಗು ಆ ಮೂರು ಇಪ್ಪತ್ತನ್ನೂ ಹದಿನೈದನ್ನೂ ಒಡೆದು ಎಪ್ಪತ್ತು, ಐದು ಅಂತ ಮತ್ತೆ ಜೋಡಿಸಬೇಕು. ಆ ಎರಡು ಸೆಕೆಂಡಿನ ಮೌನವನ್ನು 'ದಡ್ಡ' ಅಂತ ಓದಿದ್ರೆ ದಡ್ಡರು ಯಾರು?

ಇನ್ನು ಆ ಊರಿನ ಇಂಗ್ಲಿಷ್ ಟೀಚರ್. ಸ್ವಯಂಸೇವಕರು ಪಾಠ ಮಾಡಬೇಕಿದ್ದದ್ದು ಅವರ ಜೊತೆ ನಿಂತೇ. ಅವರಿಗೆ ವ್ಯಾಕರಣ ನಮಗಿಂತ ಚೆನ್ನಾಗಿ ಬರಬಹುದು, ಮಾತಾಡಿ ರೂಢಿ ಕಡಿಮೆ ಇರಬಹುದು. ಮಕ್ಕಳೆದುರು ಅವರ ಉಚ್ಚಾರಣೆ ತಿದ್ದಿದಿರಿ ಅಂದ್ಕೊಳ್ಳಿ. ನೀವು ಸೂಟ್‌ಕೇಸ್ ಹಿಡಿದು ವಾಪಸ್ ಬಂದಮೇಲೂ ಅವರು ಅದೇ ಮಕ್ಕಳ ಮುಂದೆ ನಿಲ್ಲಬೇಕು. ಈ ವಿಷಯಕ್ಕೆ ನಮ್ಮ ಕ್ಲಬ್ಬಿನಲ್ಲಿ ಜೋರು ಚರ್ಚೆಯಾಯ್ತು. ತಪ್ಪನ್ನು ಹಾಗೇ ಬಿಟ್ಟರೆ ಮಕ್ಕಳಿಗೆ ಮೋಸ ಅಲ್ವಾ ಅಂತ ಕೆಲವರು. ನಮಗೆ ಕೊನೆಗೆ ಒಪ್ಪಿಗೆಯಾದದ್ದು ಇಷ್ಟು: ತಿದ್ದೋದಿದ್ರೆ ಸ್ಟಾಫ್ ರೂಮಿನಲ್ಲಿ, ಇಬ್ಬರೇ ಇದ್ದಾಗ, ಅದೂ ಮೊದಲು ಅವರಿಂದ ನಾಲ್ಕು ಜಾರ್ಜಿಯನ್ ಪದ ಕಲಿತು, ನಮ್ಮ ತಪ್ಪನ್ನು ಅವರ ಕೈಲಿ ತಿದ್ದಿಸಿಕೊಂಡ ಮೇಲೆ.

ಆ ಭಾಷೆ ಅವರಿಗೆ ಸುಮ್ಮನೆ ಉಳಿದದ್ದಲ್ಲ. 1978ರಲ್ಲಿ ಹೊಸ ಸಂವಿಧಾನದ ಕರಡಿನಲ್ಲಿ ಜಾರ್ಜಿಯನ್ನಿನ ರಾಜ್ಯಭಾಷೆ ಸ್ಥಾನ ಕೈಬಿಡಲು ಹೊರಟಾಗ, ಏಪ್ರಿಲ್ 14ರಂದು ತಿಬಿಲಿಸಿಯ ಬೀದಿಗೆ ಸಾವಿರಾರು ಜನ ಇಳಿದರು, ಅವರಲ್ಲಿ ಬಹಳಷ್ಟು ವಿದ್ಯಾರ್ಥಿಗಳು. ಸೋವಿಯತ್ ಆಡಳಿತವೇ ಹಿಂದೆ ಸರಿಯಿತು. ಯಾಕೋಬ್ ಗೊಗೆಬಾಷ್ವಿಲಿ 1876ರಲ್ಲಿ ಮಕ್ಕಳಿಗಾಗಿ ತಂದ ಅಕ್ಷರಮಾಲೆ ಪುಸ್ತಕದ ಹೆಸರು 'ದೇದಾ ಏನಾ', ಅಂದ್ರೆ ತಾಯಿನುಡಿ. ಅಂಥ ಊರಿಗೆ ಇಂಗ್ಲಿಷ್ ಹೊತ್ತು ಹೋಗುವವರು ಚೀಲದಲ್ಲಿ ಆ ಪುಸ್ತಕಕ್ಕೂ ಜಾಗ ಇಟ್ಟುಕೊಳ್ಳಲಿ.

ಅಭ್ಯಾಸಕ್ಕೆ ಒಂದು: ಜಾರ್ಜಿಯನ್ನಿನಲ್ಲಿ 'ದೇದಾ' ಅಂದ್ರೆ ಅಮ್ಮ, 'ಮಾಮಾ' ಅಂದ್ರೆ ಅಪ್ಪ. ಮೊದಲ ದಿನ ಕುಟುಂಬದ ಪಾಠ ಮಾಡುವಾಗ 'ಮಾಮಾ' ಅಂತ ಹೇಳಿ ಅಮ್ಮನ ಚಿತ್ರ ತೋರಿಸಿದ್ರೆ ಇಡೀ ಕ್ಲಾಸು ನಗುತ್ತೆ. ಆ ನಗುವಿನಿಂದ ಪಾಠ ಹೇಗೆ ಮುಂದುವರಿಸ್ತೀರಿ? ಹತ್ತು ವಾಕ್ಯದಲ್ಲಿ ಬರೆದು ತನ್ನಿ, ಮುಂದಿನ ವಾರ ಕ್ಲಬ್ ರೂಮಿನಲ್ಲಿ ಓದೋಣ.