ಎಳೆಗೂಸಿನ ರಾತ್ರಿ ನಿದ್ದೆ: ಅಂಗಾತ ಮಲಗಿಸುವುದೇ ಕ್ಷೇಮ

ಮನೆಗೆ ಕೂಸು ಬಂದ ಮೇಲೆ ಹಗಲಿಗಿಂತ ರಾತ್ರಿಯ ಚಿಂತೆಯೇ ಹೆಚ್ಚು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಮನೆಗಳಲ್ಲಿ ಈ ಚಿಂತೆಗೆ ಇನ್ನೊಂದು ಕಾರಣವೂ ಉಂಟು. ಇಲ್ಲಿ ನೆಲಕ್ಕೆ ಫರಸಿ ಕಲ್ಲು, ಎಷ್ಟೋ ಹಳೆಯ ಮನೆಗಳಲ್ಲಿ ಮಾಳಿಗೆಗೂ ಅದೇ ಕಲ್ಲು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ಹಗಲೆಲ್ಲ ಕಾದ ಕಲ್ಲು ನಡುರಾತ್ರಿಯವರೆಗೂ ಕಾವು ಬಿಡುತ್ತಲೇ ಇರುತ್ತದೆ. ಡಿಸೆಂಬರ್ ಬಂತೆಂದರೆ ಆ ಫರಸಿಯ ಮೇಲೆ ಬರಿಗಾಲಿಡಲು ಆಗದಷ್ಟು ತಂಪು. ಇಂಥ ಮನೆಯಲ್ಲಿ ಕೂಸನ್ನು ಎಲ್ಲಿ, ಹೇಗೆ, ಏನು ಹೊದಿಸಿ ಮಲಗಿಸಬೇಕು ಎಂಬುದನ್ನು ತುಸು ವಿವರವಾಗಿ ನೋಡೋಣ.

ಎಲ್ಲಕ್ಕಿಂತ ಮುಖ್ಯವಾದುದು ಮಲಗಿಸುವ ಭಂಗಿ. ಒಂದು ವರ್ಷ ತುಂಬುವವರೆಗೆ ಹಗಲಾಗಲಿ ರಾತ್ರಿಯಾಗಲಿ ಕೂಸನ್ನು ಅಂಗಾತವೇ ಮಲಗಿಸಬೇಕು. ಚೆನ್ನಾಗಿ ಆಡಿಕೊಂಡು, ಹಾಲು ಕುಡಿದು ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ಇಲ್ಲವಾಗಿರುವ ದಾರುಣ ಪ್ರಸಂಗಗಳು ಜಗತ್ತಿನ ಎಲ್ಲ ಕಡೆಯೂ ಇವೆ. ಎರಡರಿಂದ ನಾಲ್ಕು ತಿಂಗಳ ಕೂಸುಗಳಲ್ಲಿ ಇದು ಹೆಚ್ಚು. ನಮ್ಮಲ್ಲಿ ಇದನ್ನು ಗಾಳಿ ಸೋಕಿತು, ದೃಷ್ಟಿ ತಾಗಿತು ಎಂದು ಹೇಳಿ ಮುಗಿಸಿಬಿಡುವುದೇ ವಾಡಿಕೆ. ಬೋರಲು ಮಲಗಿದ ಕೂಸುಗಳಿಗೆ ಈ ಅಪಾಯ ಹೆಚ್ಚೆಂದು ಕಂಡುಬಂದ ಮೇಲೆ 1991ರಲ್ಲಿ ನ್ಯೂಜಿಲೆಂಡ್ ಮತ್ತು ಬ್ರಿಟನ್, 1994ರಲ್ಲಿ ಅಮೆರಿಕ ದೇಶಗಳು ‘ಕೂಸನ್ನು ಅಂಗಾತ ಮಲಗಿಸಿ’ ಎಂದು ಮನೆಮನೆಗೂ ಪ್ರಚಾರ ಮಾಡಿದವು. ಕೆಲವೇ ವರ್ಷಗಳಲ್ಲಿ ಇಂಥ ಸಾವುಗಳು ಅಲ್ಲಿ ಅರ್ಧಕ್ಕಿಂತ ಕಡಿಮೆಯಾದವು. ಇದಕ್ಕೆ ಔಷಧಿ ಬೇಕಾಗಲಿಲ್ಲ, ಯಂತ್ರವೂ ಬೇಕಾಗಲಿಲ್ಲ.

‘ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿ ಉಸಿರು ಕಟ್ಟುವುದಿಲ್ಲವೇ?’ ಮನೆಯ ಹಿರಿಯರು ಕೇಳುವ ಈ ಪ್ರಶ್ನೆ ಸಹಜವಾದುದೇ. ಆದರೆ ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಮೇಲೆ ಬಂದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಎತ್ತರಕ್ಕೆ ಏರಬೇಕು. ಬೋರಲು ಮಲಗಿದಾಗ ಇದು ತಿರುವುಮುರುವಾಗುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿದರೆ ಸಾಕು. ಮಗ್ಗುಲಾಗಿ ಮಲಗಿಸುವುದೂ ಬೇಡ, ಕೂಸು ಅಲ್ಲಿಂದ ಬೋರಲಿಗೆ ಉರುಳುವುದು ಸುಲಭ. ಎರಡೂ ಕಡೆ ತಾನಾಗಿ ಹೊರಳಲು ಕಲಿತ ಮೇಲೆ ಮಾತ್ರ ಅದು ನಿದ್ದೆಯಲ್ಲಿ ಹೊರಳಿದರೆ ಹಾಗೆಯೇ ಬಿಡಬಹುದು.

ತಲೆ ಗುಂಡಗಾಗಲೆಂದು ಸಾಸಿವೆ ದಿಂಬು ಇಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಕೂಸಿಗೆ ಯಾವ ದಿಂಬೂ ಬೇಡ. ತಲೆಯ ಆಕಾರದ ಚಿಂತೆಯಿದ್ದರೆ, ಎಚ್ಚರವಿದ್ದಾಗ ದಿನಕ್ಕೆ ಕೆಲವು ಸಲ ನಿಮ್ಮ ಕಣ್ಣೆದುರೇ ಬೋರಲು ಹಾಕಿ ಆಡಿಸಿ. ಕುತ್ತಿಗೆಯೂ ಗಟ್ಟಿಯಾಗುತ್ತದೆ.

ಇನ್ನು ತೊಟ್ಟಿಲು. ತಳ ಸಮತಟ್ಟಾಗಿದ್ದು, ಹಾಸಿಗೆ ಗಟ್ಟಿಯಾಗಿ ಬಿಗಿಯಾಗಿ ಕೂತಿರುವ ಕಟ್ಟಿಗೆಯ ತೊಟ್ಟಿಲು ಒಳ್ಳೆಯದೇ. ಎರಡು ಕಡ್ಡಿಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದು ಇರಬಾರದು, ಇದ್ದರೆ ಮೈ ಜಾರಿ ತಲೆ ಸಿಕ್ಕಿಕೊಳ್ಳಬಹುದು. ಹಗ್ಗ, ಕೊಂಡಿಗಳನ್ನು ಆಗಾಗ ಎಳೆದು ನೋಡಿ. ಸೀರೆಯಿಂದ ಕಟ್ಟಿದ ಜೋಳಿಗೆಯ ಮಾತು ಬೇರೆ. ಅದರಲ್ಲಿ ಕೂಸಿನ ಬೆನ್ನು ಬಾಗಿ, ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ತುಸು ದೊಡ್ಡ ಮಗುವಾದರೆ ಬಟ್ಟೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯವೂ ಇದೆ. ಹಗಲಲ್ಲಿ ನೀವು ಪಕ್ಕದಲ್ಲೇ ಕೂತು ತೂಗುವುದಾದರೆ ಸರಿ, ಕೂಸಿಗೆ ನಿದ್ದೆ ಹತ್ತಿದ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಗೆ ಹಾಕಿ. ರಾತ್ರಿಯಿಡೀ ಜೋಳಿಗೆಯಲ್ಲಿ ಬಿಡಬೇಡಿ. ಕುತ್ತಿಗೆಯ ಕರಿದಾರ, ತಾಯತಗಳನ್ನು ಮಲಗಿಸುವ ಮುನ್ನ ತೆಗೆದಿಡಿ.

ತಾಯಿಯ ಮಗ್ಗುಲಲ್ಲೇ ಮಲಗಬೇಕೇ? ತಾಯಿ ಇರುವ ಕೋಣೆಯಲ್ಲೇ, ಕೈಗೆಟಕುವಷ್ಟು ಹತ್ತಿರ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸುವುದು ಮೊದಲ ಆರು ತಿಂಗಳಿಗಾದರೂ ಅತಿ ಉತ್ತಮ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಗಳಲ್ಲಿ ಇದು ಸುಲಭವಲ್ಲ ಎಂಬುದು ನಿಜ. ಹಾಗಿದ್ದಲ್ಲಿ ಕೂಸನ್ನು ಗಂಡ–ಹೆಂಡಿರ ನಡುವೆ, ಬೇರೆ ಮಕ್ಕಳ ಪಕ್ಕದಲ್ಲಿ ಮಾತ್ರ ಹಾಕಬೇಡಿ. ತಾಯಿಯ ಒಂದು ಬದಿಗೆ, ಕೌದಿ ದಿಂಬುಗಳು ತಾಗದಂತೆ ಮಲಗಿಸಿ. ಬೀಡಿ–ಸಿಗರೇಟು ಸೇದುವವರು, ಕುಡಿದು ಬಂದವರು, ಸಿಮೆಂಟ್ ಕಾರ್ಖಾನೆಯ ಪಾಳಿಯನ್ನೋ ಕಲ್ಲುಗಣಿಯ ದುಡಿಮೆಯನ್ನೋ ಮುಗಿಸಿ ಮೈಮರೆತು ಮಲಗುವವರು ಕೂಸಿನ ಹಾಸಿಗೆಯಲ್ಲಿ ಇರಲೇಬಾರದು. ದಿನ ತುಂಬದೆ ಹುಟ್ಟಿದ ಅಥವಾ 2.5 ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ ಒಂದೇ ಹಾಸಿಗೆ ಇನ್ನೂ ಅಪಾಯ. ಇದನ್ನು ಸೊಸೆಯೊಬ್ಬಳೇ ಹೇಳಿದರೆ ನಡೆಯುವುದಿಲ್ಲ, ಅತ್ತೆಯೂ ಹೇಳಬೇಕು.

ಬೇಸಿಗೆಯಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೂಸಿಗೆ ಕುಂಚಿಗೆ ಕಟ್ಟಿ, ಮೇಲೆ ಕೌದಿ ಹೊದಿಸುವುದು. ಮೈ ಅತಿಯಾಗಿ ಕಾಯುವುದೂ ನಿದ್ದೆಯಲ್ಲಿನ ಸಾವಿಗೆ ಒಂದು ಕಾರಣ. ತೆಳುವಾದ ಒಂದು ಹತ್ತಿ ಅಂಗಿ ಸಾಕು, ತಲೆ ಬರಿದಾಗಿರಲಿ. ಫ್ಯಾನ್ ಹಾಕಬಹುದು. ಕೂಲರಿನ ಗಾಳಿ ನೇರವಾಗಿ ಕೂಸಿನ ಮೇಲೆ ಬೀಸದಿರಲಿ. ಕಾವಿಗೆ ಹೆದರಿ ಕೂಸಿಗೆ ನೀರು ಕುಡಿಸಬೇಡಿ, ಆರು ತಿಂಗಳವರೆಗೆ ಎದೆಹಾಲಿನಲ್ಲಿರುವ ನೀರೇ ಸಾಕು. ಹೆಚ್ಚು ಸಲ ಹಾಲು ಕೊಡಿ. ಮಾಳಿಗೆಯ ಮೇಲೆ ಮಲಗುವವರು ಸೊಳ್ಳೆಪರದೆ ಕಟ್ಟಿ, ಹಾಸುವ ಮುನ್ನ ಬಟ್ಟೆಯನ್ನು ಚೆನ್ನಾಗಿ ಝಾಡಿಸಿ. ಫರಸಿಯ ಸಂದಿನಲ್ಲಿ ಚೇಳು ಇರುವುದು ಈ ಕಡೆಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಚಳಿಗಾಲದಲ್ಲಿ, ಅದರಲ್ಲೂ ಚಿಂಚೋಳಿಯ ಗುಡ್ಡಗಾಡಿನ ಹಳ್ಳಿ, ತಾಂಡಾಗಳಲ್ಲಿ, ನವಜಾತ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಗೊತ್ತುಮಾಡಿಕೊಳ್ಳುವುದು ಹೀಗೆ: ಕೈಯ ಹಿಂಬದಿಯಿಂದ ಕೂಸಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಚಳಿಯಾಗುತ್ತಿದೆ ಎಂದರ್ಥ, ತಾಯಿ ಎಚ್ಚರವಿದ್ದು ಕೂಸನ್ನು ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಂಡು ಮೇಲೆ ಬಟ್ಟೆ ಹೊದ್ದುಕೊಳ್ಳಬೇಕು. ಎರಡೂ ತಣ್ಣಗಿದ್ದರೆ ಹಾಗೆಯೇ ಅಪ್ಪಿಕೊಂಡು ಆಸ್ಪತ್ರೆಗೆ ಹೊರಡಿ. ಕತ್ತಿನ ಹಿಂದೆ ಬೆವರಿದ್ದರೆ ಬಟ್ಟೆ ಹೆಚ್ಚಾಯಿತೆಂದು ತಿಳಿಯಿರಿ. ಬೆಚ್ಚಗಿರಲೆಂದು ಹೊರಸಿನ ಕೆಳಗೆ ಕೆಂಡ ಇಟ್ಟು ಬಾಗಿಲು ಹಾಕಿ ಮಲಗುವುದಂತೂ ತಾಯಿ–ಮಗು ಇಬ್ಬರ ಜೀವಕ್ಕೂ ಕುತ್ತು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಸೊಳ್ಳೆಬತ್ತಿ, ಲೋಬಾನದ ಹೊಗೆಯೂ ಕೂಸಿನ ಕೋಣೆಯಲ್ಲಿ ಬೇಡ.

ರಾತ್ರಿ ಅಳುವ ಕೂಸಿಗೆ ಗಸಗಸೆ ತೇಯ್ದು ನೆಕ್ಕಿಸುವುದು, ಕೆಮ್ಮಿನ ಸಿರಪ್ ಹಾಕುವುದು ಕೂಡದು. ಮೊದಲ ತಿಂಗಳುಗಳಲ್ಲಿ ಕೂಸು ಎರಡು–ಮೂರು ತಾಸಿಗೊಮ್ಮೆ ಎದ್ದು ಹಾಲು ಕೇಳುವುದು ಆರೋಗ್ಯದ ಲಕ್ಷಣ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಬಂದಾಗ ಕೂಸು ಮಲಗುವ ಜಾಗವನ್ನೂ ಆಕೆಗೆ ತೋರಿಸಿ.

ಎರಡು ತಿಂಗಳೊಳಗಿನ ಕೂಸು ಸುಮ್ಮನೆ ಮಲಗಿರುವಾಗಲೂ ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಜಗ್ಗುತ್ತಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಹಾಲು ಕುಡಿಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.