ಒಣಮರ ಎನ್ನಬೇಡಿ



ಮಾಗಡಿ ತಾಲ್ಲೂಕಿನ ಕೆಂಪಾಪುರ ಒಂದು ಚಿಕ್ಕ ಹಳ್ಳಿ. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡರ ಸಮಾಧಿ ಇರುವುದು ಅಲ್ಲೇ. ಆದರೆ ಈ ವಿಷಯ ನಾಡಿಗೆ ತಿಳಿದದ್ದು ೨೦೧೫ರಲ್ಲಿ, ಅಲ್ಲಿನ ಕಲ್ಲಿನ ಬರಹವನ್ನು ಬಲ್ಲವರು ಓದಿ ಹೇಳಿದ ಮೇಲೆ. ಅಷ್ಟು ದೊಡ್ಡ ಪಟ್ಟಣವನ್ನು ಕಟ್ಟಿದವರು ಮಣ್ಣಾದ ಜಾಗವನ್ನೇ ನಾವು ನೂರಾರು ವರ್ಷ ಮರೆತಿದ್ದೆವು. ಕಲ್ಲು ಇತ್ತು, ಬರಹವೂ ಇತ್ತು. ಓದುವವರು ಇರಲಿಲ್ಲ.

ಅದೇ ತಾಲ್ಲೂಕಿನ ಇನ್ನೊಂದು ಊರು ಹುಲಿಕಲ್. ಅಲ್ಲಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು ನಾಲ್ಕು ಕಿಲೋಮೀಟರು ದೂರ ಆಲದ ಮರಗಳು ಸಾಲಾಗಿ ನಿಂತಿವೆ. ಈ ಸಾಲಿಗೆ ಶಾಸನ ಬೇಕಾಗಿಲ್ಲ. ಬಸ್ಸಿನ ಕಿಟಕಿಯಲ್ಲಿ ಕುಳಿತ ಶಾಲೆಯ ಮಗುವೂ ಅದು ಯಾರ ಮರ ಎಂದು ಹೇಳಬಲ್ಲದು. ಅವನ್ನು ನೆಟ್ಟು ಬೆಳೆಸಿದ ಸಾಲುಮರದ ತಿಮ್ಮಕ್ಕನವರು ೨೦೨೫ರ ನವೆಂಬರ್ ೧೪ರಂದು ತೀರಿಕೊಂಡರು. ಅವರಿಗೆ ೧೧೪ ವರ್ಷ ಎಂದು ಪತ್ರಿಕೆಗಳು ಬರೆದವು.

ನವೆಂಬರ್, ಧರ್ಮಸಭೆ ಮೃತರನ್ನು ನೆನೆಯುವ ತಿಂಗಳು. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚುತ್ತೇವೆ. ಅದೇ ತಿಂಗಳಲ್ಲಿ ಹೊರಟುಹೋದ ಈ ಅಜ್ಜಿಯ ಬದುಕು ನನ್ನನ್ನು ಒಂದು ಪ್ರಶ್ನೆಯ ಮುಂದೆ ನಿಲ್ಲಿಸಿತು. ಹೆತ್ತ ಮಕ್ಕಳಿಲ್ಲದ ಹೆಂಗಸೊಬ್ಬರು ಇಡೀ ನಾಡಿಗೆ ಅಜ್ಜಿಯಾದದ್ದು ಹೇಗೆ? ನಮ್ಮ ಮನೆಗಳಲ್ಲೂ ಅಂಥ ಹಿರಿಯರಿದ್ದಾರಲ್ಲ, ಅವರನ್ನು ನಾವು ಹೇಗೆ ನೆನೆಯುತ್ತಿದ್ದೇವೆ?

ನೀರು ಹೊತ್ತ ಬದುಕು

ತಿಮ್ಮಕ್ಕನವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದವರು. ಹುಲಿಕಲ್‌ನ ಚಿಕ್ಕಯ್ಯನವರ ಕೈಹಿಡಿದು ಆ ಊರಿಗೆ ಬಂದರು. ವರ್ಷಗಳು ಕಳೆದವು, ಮಡಿಲು ತುಂಬಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಲ್ಲದ ಹೆಂಗಸಿಗೆ ಯಾವ ಮಾತು ಕೇಳಿಸುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಂಡಹೆಂಡಿರು ಆಲದ ಸಸಿಗಳನ್ನು ನೆಡಲು ತೊಡಗಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು ಎಂದು ಅವರ ಕಥೆಯನ್ನು ಬಲ್ಲವರು ಹೇಳುತ್ತಾರೆ. ಹಗಲೆಲ್ಲ ಕೂಲಿ. ಉಳಿದ ಹೊತ್ತಿನಲ್ಲಿ ಕೊಡಗಳಲ್ಲಿ ನೀರು ಹೊತ್ತು, ನಾಲ್ಕು ಕಿಲೋಮೀಟರು ನಡೆದು, ಸಸಿಗಳಿಗೆ ಹಾಕಬೇಕು. ದನ ಮೇಯದಂತೆ ಸುತ್ತಲೂ ಮುಳ್ಳು ಕಟ್ಟಬೇಕು. ಹೀಗೆ ಬೆಳೆದ ಮರಗಳ ಲೆಕ್ಕ ೩೮೫ ಎಂದು ನಾಡಿನಲ್ಲಿ ಮಾತಾಗಿದೆ.

೧೯೯೧ರಲ್ಲಿ ಚಿಕ್ಕಯ್ಯನವರು ತೀರಿಕೊಂಡರು. ಜೊತೆಯಲ್ಲಿ ನೀರು ಹೊತ್ತವರು ಹೋದ ಮೇಲೆಯೂ ತಿಮ್ಮಕ್ಕನವರು ಮೂವತ್ತನಾಲ್ಕು ವರ್ಷ ಬದುಕಿದರು. ಪ್ರಶಸ್ತಿಗಳೆಲ್ಲ ಬಂದದ್ದು ಆ ಒಂಟಿ ವರ್ಷಗಳಲ್ಲಿ. ೨೦೧೦ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ೨೦೧೯ರಲ್ಲಿ ಪದ್ಮಶ್ರೀ. ಪದ್ಮಶ್ರೀ ಪಡೆಯುವಾಗ ಅವರು ರಾಷ್ಟ್ರಪತಿಗಳಾಗಿದ್ದ ರಾಮನಾಥ ಕೋವಿಂದರ ಹಣೆಯನ್ನು ಮುಟ್ಟಿ ಹರಸಿದ್ದನ್ನು ದೇಶವೇ ನೋಡಿತು. ಪ್ರಶಸ್ತಿ ತೆಗೆದುಕೊಳ್ಳಲು ಬಂದವರು ಆಶೀರ್ವಾದ ಕೊಟ್ಟು ಹೋದರು! ಮನೆಗೆ ಬಂದ ಮೊಮ್ಮಗನಿಗೆ ಅಜ್ಜಿ ಮಾಡುವುದನ್ನೇ ಅವರು ಅಲ್ಲಿಯೂ ಮಾಡಿದರು. ಅದೇ ವರ್ಷ ರಸ್ತೆ ಅಗಲ ಮಾಡಲು ಮರಗಳನ್ನು ಕಡಿಯುವ ಮಾತು ಬಂದಾಗ, ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರಲ್ಲಿ ಅವುಗಳ ಪರವಾಗಿ ಬೇಡಿಕೊಂಡವರೂ ಅವರೇ. ತಾಯಿಯಲ್ಲದೆ ಬೇರೆ ಯಾರು ಹಾಗೆ ಬೇಡಿಯಾರು?

ನನ್ನದೊಂದು ತಪ್ಪು

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹಿಂದೆ ನಾನಿದ್ದ ಒಂದು ವಿಚಾರಣೆಯಲ್ಲಿ ತಾಯಂದಿರ ದಿನದ ಪೂಜೆಯ ಕೊನೆಯಲ್ಲಿ, "ತಾಯಂದಿರೆಲ್ಲ ಎದ್ದು ನಿಲ್ಲಿ" ಎಂದು ಹೇಳಿ ವಿಶೇಷ ಆಶೀರ್ವಾದ ಕೊಟ್ಟೆ. ಯುವಕರು ಒಬ್ಬೊಬ್ಬರಿಗೂ ಒಂದೊಂದು ಗುಲಾಬಿ ಹಂಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ವಯಸ್ಸಾದ ಒಬ್ಬ ಅಮ್ಮ ಮಾತ್ರ ತಲೆ ತಗ್ಗಿಸಿ ಕುಳಿತೇ ಇದ್ದರು.

ಅವರು ತೀರಿಹೋದ ತಂಗಿಯ ಮೂವರು ಮಕ್ಕಳನ್ನು ಸಾಕಿದವರು. ಅವರನ್ನು ಜ್ಞಾನೋಪದೇಶಕ್ಕೆ ಕಳಿಸಿದವರು, ಮೊದಲ ಪರಮಪ್ರಸಾದಕ್ಕೆ ಬಟ್ಟೆ ಹೊಲಿಸಿದವರು, ಮದುವೆ ಮಾಡಿಸಿದವರು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಪೂಜೆ ಮುಗಿದ ಮೇಲೆ ಹೋಗಿ ಕ್ಷಮೆ ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಬಿಡಿ ಸ್ವಾಮಿ, ನಂಗೇನು ಇದು ಹೊಸದಾ?" ಎಂದರು.

ಆ "ಹೊಸದಾ" ಎಂಬ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಸೀಮಂತದಲ್ಲಿ, ಮದುವೆಯ ಅರಿಶಿನದಲ್ಲಿ, ತೊಟ್ಟಿಲಿಗೆ ಹಾಕುವಾಗ ಅವರನ್ನು ಹಿಂದೆ ನಿಲ್ಲಿಸಿದವರು ಬೇರೆ ಜನ. ದೇವಾಲಯದ ಒಳಗೆ ಹಾಗೆ ಮಾಡಿದವನು ನಾನು.

ಬಂಜೆಯರಿಗೆ ದೇವರು ಕೊಟ್ಟ ಹೆಸರು

ಸಮುವೇಲನ ಮೊದಲ ಗ್ರಂಥದ ಆರಂಭದಲ್ಲಿ ಹನ್ನಳ ಕಥೆ ಬರುತ್ತದೆ. ಮಕ್ಕಳಿಲ್ಲದ ಅವಳನ್ನು ಸವತಿ ಪೆನಿನ್ನಳು ಕೆಣಕುತ್ತಿದ್ದಳು. ಗಂಡ ಎಲ್ಕಾನ ಒಳ್ಳೆಯವನೇ, ಆದರೆ ಅವನ ಸಮಾಧಾನ ಅವಳ ನೋವನ್ನು ತಲುಪಲಿಲ್ಲ. ದೇವಾಲಯದಲ್ಲಿ ಸದ್ದಿಲ್ಲದೆ ತುಟಿಯಾಡಿಸುತ್ತ ಅತ್ತವಳನ್ನು ಯಾಜಕ ಏಲಿ ಕುಡಿದವಳೆಂದು ಗದರಿದ. ಗಮನಿಸಿ, ಅವಳನ್ನು ತಪ್ಪಾಗಿ ತಿಳಿದವನು ಯಾಜಕನೇ! ನಾನು ಆ ಅಧ್ಯಾಯವನ್ನು ಓದುವಾಗಲೆಲ್ಲ ಏಲಿಯ ಪಕ್ಕದಲ್ಲಿ ನಾನೇ ನಿಂತಂತೆ ಅನಿಸುತ್ತದೆ.

ಹನ್ನಳಿಗೆ ಕೊನೆಗೆ ಸಮುವೇಲ ಹುಟ್ಟಿದ. ಸಾರಳಿಗೆ ಇಸಾಕ, ಎಲಿಜಬೇತಳಿಗೆ ಸ್ನಾನಿಕ ಯೊವಾನ್ನ. ಇವರ ಕಥೆಗಳನ್ನು ನಾವು ಪ್ರಸಂಗದಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಬೇಡಿದರೂ ಮಗು ಹುಟ್ಟದವರ ಗತಿ ಏನು? ಎಷ್ಟೋ ತಾಯಂದಿರು ನವದಿನ ಮಾಡಿ, ಹರಕೆ ಹೊತ್ತು, ಬರಿಗೈಯಲ್ಲಿ ಮನೆಗೆ ಹೋಗಿದ್ದಾರೆ. ಅವರ ಪ್ರಾರ್ಥನೆಯಲ್ಲಿ ಕೊರತೆ ಇತ್ತೇ? ಖಂಡಿತ ಇಲ್ಲ.

ಅವರಿಗಾಗಿಯೇ ಇದೆಯೋ ಎಂಬಂಥ ಒಂದು ಮಾತು ಪ್ರವಾದಿ ಯೆಶಾಯನ ಗ್ರಂಥದ ೫೬ನೆಯ ಅಧ್ಯಾಯದಲ್ಲಿದೆ. ಸಂತಾನ ಪಡೆಯಲಾಗದವನು ತನ್ನನ್ನು ಒಣಮರವೆಂದು ಕರೆದುಕೊಳ್ಳಬಾರದು ಎನ್ನುತ್ತಾರೆ ಸರ್ವೇಶ್ವರ ಸ್ವಾಮಿ. ತಮ್ಮ ಒಡಂಬಡಿಕೆಯಲ್ಲಿ ನಿಂತವನಿಗೆ ತಮ್ಮ ಆಲಯದಲ್ಲೇ ಒಂದು ಸ್ಮಾರಕವನ್ನೂ, ಗಂಡುಮಕ್ಕಳು ಹೆಣ್ಣುಮಕ್ಕಳು ತರುವುದಕ್ಕಿಂತ ಮಿಗಿಲಾದ ಹೆಸರನ್ನೂ ಕೊಡುವುದಾಗಿ ಮಾತು ಕೊಡುತ್ತಾರೆ. ಅದು ಅಳಿಯದ ಹೆಸರು. ಇಲ್ಲಿ ಮಗುವನ್ನು ಕೊಡುವ ಮಾತಿಲ್ಲ. ಮಗುವಿಲ್ಲದೆಯೇ ತುಂಬಿದ ಬದುಕನ್ನು ಕೊಡುವ ಮಾತಿದೆ.

ಆದಿಕಾಂಡದ ೩೫ನೆಯ ಅಧ್ಯಾಯದಲ್ಲಿ ಇನ್ನೊಂದು ಪುಟ್ಟ ಸಂಗತಿ ಇದೆ. ಬಹಳ ಜನ ಅದನ್ನು ದಾಟಿ ಮುಂದೆ ಹೋಗುತ್ತಾರೆ. ರೆಬೆಕ್ಕಳ ದಾದಿ ದೆಬೋರಳು ಸತ್ತಾಗ ಅವಳನ್ನು ಬೇತೇಲಿನ ಕೆಳಗೆ ಒಂದು ಮರದ ಬುಡದಲ್ಲಿ ಹೂಳಿದರು. ಆ ಮರಕ್ಕೆ ಗೋಳಾಟದ ಮರ ಎಂದು ಹೆಸರಾಯಿತು. ರೆಬೆಕ್ಕಳು ಹೇಗೆ ಸತ್ತಳೆಂದು ಹೇಳದ ಗ್ರಂಥ ಅವಳ ದಾದಿಯ ಸಾವನ್ನು ಹೇಳುತ್ತದೆ! ಅವಳು ಆ ಮನೆಯ ರಕ್ತದವಳಲ್ಲ. ಆದರೂ ಯಕೋಬನ ಮನೆಯವರು ಅವಳಿಗಾಗಿ ಅತ್ತರು. ಮಕ್ಕಳನ್ನು ಎತ್ತಿ ಆಡಿಸಿದ ಕೈಯನ್ನು ದೇವರ ವಾಕ್ಯ ಮರೆಯುವುದಿಲ್ಲ.

ಕೊನೆಯದಾಗಿ ಕಲ್ವಾರಿ. ಶಿಲುಬೆಯ ಮೇಲಿಂದ ಯೇಸುಸ್ವಾಮಿ ತಮ್ಮ ತಾಯಿಗೆ ಶಿಷ್ಯನನ್ನು ಮಗನಾಗಿ ಕೊಟ್ಟರು, ಶಿಷ್ಯನಿಗೆ ಅವರನ್ನು ತಾಯಿಯಾಗಿ ಕೊಟ್ಟರು. ಆ ದಿನದಿಂದ ಶಿಷ್ಯ ಆ ತಾಯಿಯನ್ನು ಮನೆಗೆ ಕರೆದುಕೊಂಡು ಹೋದ. ಮರಿಯಮ್ಮನವರು ನಮಗೆಲ್ಲ ತಾಯಿಯಾದದ್ದು ಹೆರಿಗೆಯಿಂದಲ್ಲ, ಕೊಟ್ಟದ್ದನ್ನು ಸ್ವೀಕರಿಸಿದ್ದರಿಂದ.

ಧರ್ಮಸಭೆಯ ಬೋಧನೆ

ಎರಡನೆಯ ವ್ಯಾಟಿಕನ್ ಮಹಾಸಭೆ ಮಕ್ಕಳಿಲ್ಲದಿದ್ದರೂ ವಿವಾಹದ ಬೆಲೆ ಕುಂದುವುದಿಲ್ಲವೆಂದು ಬೋಧಿಸಿದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ೧೬೫೪ನೆಯ ಅಂಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಂಥ ದಂಪತಿಗಳ ಬದುಕು ಪ್ರೀತಿಯಲ್ಲಿ, ಅತಿಥಿಸತ್ಕಾರದಲ್ಲಿ, ತ್ಯಾಗದಲ್ಲಿ ಫಲ ಕೊಡಬಲ್ಲದು ಎನ್ನುತ್ತದೆ. ತತ್ತ್ವಶಾಸ್ತ್ರದ ಪಾಠದಲ್ಲಿ ನಮಗೆ ಕಾರಣ, ಪರಿಣಾಮ ಎಂದು ಕಲಿಸುತ್ತಿದ್ದರು. ಜೀವ ಹುಟ್ಟುವುದಕ್ಕೆ ಒಂದು ಕಾರಣ ಬೇಕು, ಹುಟ್ಟಿದ ಜೀವ ಉಳಿಯುವುದಕ್ಕೂ ಕಾರಣ ಬೇಕು. ಹೆತ್ತವಳು ಮೊದಲನೆಯದಾದರೆ ಸಾಕಿದವಳು ಎರಡನೆಯದು. ಸಸಿಯನ್ನು ನೆಟ್ಟು ಮರೆತವರು ಬೇಕಾದಷ್ಟು ಜನ. ಬೇಸಿಗೆಯಲ್ಲಿ ನೀರು ಹೊತ್ತವರಿಂದಲೇ ಮರ ಉಳಿಯುವುದು.

"ತಿಮ್ಮಕ್ಕ ನಮ್ಮ ಧರ್ಮದವರಲ್ಲವಲ್ಲ ಫಾದರ್" ಎಂದು ಯಾರಾದರೂ ಕೇಳಬಹುದು. ಹೌದು, ಅಲ್ಲ. ಆದರೆ ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವುದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಅದೇ ಮಹಾಸಭೆ ೧೯೬೫ರಲ್ಲಿ ಸಾರಿತು. ಯೆಶಾಯನ ಅದೇ ಅಧ್ಯಾಯದಲ್ಲಿ ಹೊರನಾಡಿನವರಿಗೂ ಸರ್ವೇಶ್ವರರ ಆಲಯದ ಬಾಗಿಲು ತೆರೆದಿದೆ. ಒಳ್ಳೆಯದನ್ನು ನೆರೆಮನೆಯಲ್ಲಿ ಕಂಡರೆ ಕಲಿಯಲು ನಾಚಿಕೆ ಏಕೆ?

ವಿಶ್ವಗುರು ಫ್ರಾನ್ಸಿಸರು ೨೦೨೧ರಲ್ಲಿ ಅಜ್ಜಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನು ಸ್ಥಾಪಿಸಿದರು. ಜುಲೈ ತಿಂಗಳ ನಾಲ್ಕನೆಯ ಭಾನುವಾರ, ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹಬ್ಬದ ಆಸುಪಾಸಿನಲ್ಲಿ ಅದನ್ನು ಆಚರಿಸುತ್ತೇವೆ. ಅದರ ಹೆಸರಿನಲ್ಲಿ ಅಜ್ಜಅಜ್ಜಿಯರ ಜೊತೆಗೆ ವೃದ್ಧರೂ ಇರುವುದನ್ನು ಗಮನಿಸಿ. ಮೊಮ್ಮಕ್ಕಳಿಲ್ಲದವರೂ ಆ ದಿನ ನಮ್ಮವರೇ.

ನಮ್ಮ ಮನೆಯಲ್ಲಿ

ಈಗ ನಿಮ್ಮ ಮನೆಯ ಕಡೆ ನೋಡಿ. ಮದುವೆಯಾಗದೆ ಉಳಿದ ಅತ್ತೆ ಇರಬಹುದು, ಮಕ್ಕಳಿಲ್ಲದ ದೊಡ್ಡಮ್ಮ ಇರಬಹುದು, ಗಂಡ ತೀರಿದ ಮೇಲೆ ತಮ್ಮನ ಮನೆಯ ಜಗುಲಿಯಲ್ಲಿ ಉಳಿದುಕೊಂಡ ಅಕ್ಕ ಇರಬಹುದು. ಅವರ ಪಿಂಚಣಿ ಬರುವ ದಿನ ನೆನಪಿದ್ದು, ಹುಟ್ಟುಹಬ್ಬ ಮರೆತುಹೋಗಿದೆಯೇ? ಸತ್ತ ಮೇಲೆ ಗೋಡೆಗೆ ಫೋಟೋ ಹಾಕಿ ಹಾರ ಏರಿಸುವುದು ಸುಲಭ. ಬದುಕಿರುವಾಗ ಊಟದ ಹೊತ್ತಿಗೆ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟ.

ನಾಲ್ಕು ಸಣ್ಣ ಕೆಲಸಗಳನ್ನು ಸೂಚಿಸುತ್ತೇನೆ. ಒಂದು, "ಬಂಜೆ" ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರದಿರಲಿ, ತಮಾಷೆಗೂ ಬೇಡ. ಎರಡು, ಮುಂದಿನ ಮದುವೆಯಲ್ಲಿ, ಜ್ಞಾನಸ್ನಾನದಲ್ಲಿ, ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಲು ಅವರನ್ನೇ ಮೊದಲು ಕರೆಯಿರಿ. ಮೂರು, ಅವರ ಬದುಕಿನ ಕಥೆಯನ್ನು ಕೇಳಿ. ಯಾವ ಬರಗಾಲ ಕಂಡರು, ಯಾರನ್ನು ಎತ್ತಿ ಆಡಿಸಿದರು, ಯಾವ ಜಪ ಕಲಿಸಿದರು ಎಂದು ಮಕ್ಕಳೇ ಕೇಳಿ ನೋಟ್ ಪುಸ್ತಕದಲ್ಲಿ ಬರೆಯಲಿ. ಬರೆಯದೆ ಬಿಟ್ಟರೆ ಕೆಂಪಾಪುರದ ಕಲ್ಲಿನಂತೆ ಅದೂ ಓದುವವರಿಲ್ಲದೆ ಉಳಿದೀತು. ನಾಲ್ಕು, ಮೃತರ ಪೂಜೆಗೆ ಹೆಸರು ಕೊಡುವಾಗ ತಂದೆತಾಯಿಯರ ಹೆಸರಿನ ಜೊತೆಗೆ ಅವರ ಹೆಸರನ್ನೂ ಬರೆಸಿ. ಮಕ್ಕಳಿಲ್ಲದವರಿಗೆ ಪೂಜೆ ಬರೆಸಲು ಮಕ್ಕಳು ಇರುವುದಿಲ್ಲ. ಆ ಕೆಲಸ ನಮ್ಮದು.

ಮಕ್ಕಳಿಗಾಗಿ ಇನ್ನೂ ಕಾದಿರುವ ಯುವ ದಂಪತಿಗಳಿಗೆ ಒಂದು ಮಾತು. ನಿಮ್ಮ ನೋವು ನಿಜವಾದದ್ದು, ಅದನ್ನು ಮುಚ್ಚಿಡಬೇಕಾಗಿಲ್ಲ. ಹನ್ನಳಂತೆ ದೇವರ ಮುಂದೆ ಅಳಿ. ನಾವು ಗುರುಗಳು ಕೆಲವೊಮ್ಮೆ ಅವಸರದ ಸಮಾಧಾನ ಹೇಳಿಬಿಡುತ್ತೇವೆ, ಕ್ಷಮಿಸಿ. ಆದರೆ ನಿಮ್ಮನ್ನು ನೀವು ಒಣಮರ ಎಂದು ಕರೆದುಕೊಳ್ಳಬೇಡಿ. ದೇವರು ಹಾಗೆ ಕರೆದಿಲ್ಲ.

ನಾನು ಹೇಳಿದ ಆ ಅಮ್ಮ ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರು ಸಾಕಿದ ಇಬ್ಬರು ಗಂಡುಮಕ್ಕಳಿದ್ದರು. ಹೆಣ್ಣುಮಗಳು ಸಮಾಧಿಯ ಮೇಲೆ ಒಂದು ಗುಲಾಬಿ ಇಟ್ಟಳು. ನಾನು ಕೊಡದೆ ಉಳಿಸಿಕೊಂಡಿದ್ದ ಹೂವು ಅದು ಎಂದು ನನಗೆ ಅನಿಸಿತು.

ಕುಟುಂಬದಲ್ಲಿ ಕೂಡಿ ಯೋಚಿಸಲು

೧. ನಮ್ಮ ಮನೆತನವನ್ನು ಹೆರದೆಯೇ ಸಾಕಿದವರು ಯಾರು? ಅವರ ಹೆಸರು ಮಕ್ಕಳಿಗೆ ಗೊತ್ತೇ?
೨. ನಮ್ಮ ಯಾವ ಆಚಾರ, ಯಾವ ಮಾತು ಅವರನ್ನು ಹಿಂದೆ ನಿಲ್ಲಿಸಿದೆ?
೩. ಈ ವಾರ ಅವರಿಗಾಗಿ ನಾವು ಮಾಡಬಹುದಾದ ಒಂದು ಕೆಲಸ ಯಾವುದು?

ಪ್ರಾರ್ಥನೆ

ಪ್ರೀತಿಯ ತಂದೆಯೇ, ನಮ್ಮನ್ನು ಹೆತ್ತವರಿಗಾಗಿ ನಿಮಗೆ ವಂದನೆ. ಹೆರದೆಯೂ ನಮ್ಮನ್ನು ಹೊತ್ತವರಿಗಾಗಿ ನಿಮಗೆ ವಂದನೆ. ಬದುಕಿರುವವರನ್ನು ಗೌರವಿಸುವ ಮನಸ್ಸನ್ನು ನಮಗೆ ಕೊಡಿ. ತೀರಿಹೋದವರಿಗೆ ನಿಮ್ಮ ಆಲಯದಲ್ಲಿ ಅಳಿಯದ ಹೆಸರನ್ನು ಕೊಡಿ. ನಮ್ಮ ಪ್ರಭು ಕ್ರಿಸ್ತರ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.