ಶಾಕವ್ರತವೂ ನಾಲಿಗೆಯ ರೂಢಿಯೂ

ಆಷಾಢ ಶುದ್ಧ ಏಕಾದಶಿಯು ಸಮೀಪಿಸಿತೆಂದರೆ ಮಾಧ್ವ ಮನೆತನಗಳ ಅಡಿಗೆಮನೆಗಳಲ್ಲಿ ಡಬ್ಬಿಗಳು ಸ್ಥಾನಪಲ್ಲಟ ಹೊಂದುತ್ತವೆ. ಖಾರಪುಡಿ, ಹುಣಸೆಹಣ್ಣು, ತೊಗರಿಬೇಳೆ, ಸಾಸಿವೆ ಇವು ಮೇಲಿನ ಹಲಗೆಯನ್ನು ಏರುತ್ತವೆ. ಹೆಸರುಬೇಳೆ, ಉದ್ದು, ಜೀರಿಗೆ, ಮೆಣಸಿನಕಾಳು, ಬೇಸಿಗೆಯಲ್ಲಿ ಒಣಗಿಸಿಟ್ಟ ಮಾವಿನ ಹೋಳು ಇವು ಕೈಗೆಟಕುವಲ್ಲಿ ಬಂದು ಕೂಡುತ್ತವೆ. ಚಾತುರ್ಮಾಸ್ಯದ ನಾಲ್ಕು ವ್ರತಗಳಲ್ಲಿ ಮೊದಲನೆಯದಾದ ಶಾಕವ್ರತವು ಹೀಗೆ ಪ್ರಾರಂಭವಾಗುತ್ತದೆ. ಶ್ರಾವಣ ಶುದ್ಧದವರೆಗೆ ಕಾಯಿಪಲ್ಯವಿಲ್ಲ, ಮುಂದೆ ಭಾದ್ರಪದದವರೆಗೆ ಮೊಸರಿಲ್ಲ, ಆಶ್ವಯುಜದವರೆಗೆ ಹಾಲಿಲ್ಲ, ಕಾರ್ತಿಕದವರೆಗೆ ದ್ವಿದಳ ಧಾನ್ಯವಿಲ್ಲ. ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂಬಲ್ಲಿ ಮನೆಯಿಂದ ಮನೆಗೆ ಅಲ್ಪಸ್ವಲ್ಪ ಭೇದವಿರುವುದರಿಂದ, ಸಂದೇಹ ಬಂದವರು ತಮ್ಮ ತಮ್ಮ ಮಠದ ಪಂಚಾಂಗವನ್ನು ನೋಡಿ, ಹಿರಿಯರನ್ನು ಕೇಳಿ ನಡೆಯುವುದು ಯುಕ್ತ. ಮೇಲೆ ಹೇಳಿದುದು ನಮ್ಮ ಮನೆಯ ರೂಢಿ. ನಾವು ಇಲ್ಲಿ ವಿಚಾರಿಸಹೊರಟಿರುವುದು ವ್ರತದ ವಿಧಿಯನ್ನಲ್ಲ. 'ನನಗೆ ಇದು ಸೇರುತ್ತದೆ, ಅದು ಸೇರದು' ಎಂದು ನಾವೆಲ್ಲರೂ ದಿನಕ್ಕೆ ಹತ್ತು ಸಲ ಆಡುವ ಮಾತು ಎಲ್ಲಿಂದ ಬಂತು ಎಂಬುದನ್ನು.

ನಮ್ಮ ಊರು ಕುಳಗೇರಿ ಕ್ರಾಸ್. ನರಗುಂದದ ಕಡೆಯಿಂದ ಬರುವ ಹೆದ್ದಾರಿಯಿಂದ ಬಾದಾಮಿಯ ದಾರಿಯು ಒಡೆಯುವ ಸ್ಥಳ. ಮಲಪ್ರಭೆಯ ಮಗ್ಗುಲಿಗೆ ಎರೆಹೊಲಗಳು, ಬಾದಾಮಿಯ ಮಗ್ಗುಲಿಗೆ ಕೆಂಪು ಕಲ್ಲಿನ ಗುಡ್ಡಗಳು. ಮಳೆಯು ನಿಂತ ಮೇಲೆ ಎರೆಭೂಮಿಯಲ್ಲಿ ಉಳಿದ ತೇವದ ಮೇಲೆಯೇ ಹಿಂಗಾರಿ ಬಿಳಿಜೋಳವು ಬೆಳೆದು ಬರುತ್ತದೆ. ಭತ್ತಕ್ಕೆ ಬೇಕಾದಷ್ಟು ನೀರನ್ನು ನಮ್ಮ ಆಕಾಶವು ಕೊಡುವುದಿಲ್ಲ. ಆದ್ದರಿಂದ ಈ ಸೀಮೆಯಲ್ಲಿ ಜೋಳವು ಹೊಲದಿಂದ ಬರುವ ಧಾನ್ಯ, ಅಕ್ಕಿಯು ಅಂಗಡಿಯಿಂದ ಬರುವ ಧಾನ್ಯ. ನಮ್ಮ ತಂದೆಯವರು ಅರ್ಚಕರಾದುದರಿಂದ ನೈವೇದ್ಯದ ಅನ್ನವು ಮನೆಯಲ್ಲಿ ದಿನವೂ ಇರುತ್ತಿತ್ತು. ಆದರೆ ಹೊಟ್ಟೆ ತುಂಬುತ್ತಿದ್ದುದು ತಾಯಿಯವರು ಬಡಿದ ರೊಟ್ಟಿಯಿಂದ, ಬೆಳ್ಳುಳ್ಳಿಯಿಲ್ಲದೆ ಇಂಗಿನ ಒಗ್ಗರಣೆಯಲ್ಲಿ ಮಾಡಿದ ಪುಂಡಿಪಲ್ಯದಿಂದ, ಶೇಂಗಾಹಿಂಡಿಯಿಂದ, ಮೊಸರಿನಲ್ಲಿ ಕಲಸಿಕೊಂಡ ಕೆಂಪುಖಾರದಿಂದ.

ಹನ್ನೆರಡನೆಯ ವಯಸ್ಸಿನಲ್ಲಿ ನಮ್ಮನ್ನು ಕರಾವಳಿಯ ಒಂದು ಪಾಠಶಾಲೆಗೆ ಕಳುಹಿಸಿದರು. ಅಲ್ಲಿ ಎರಡು ಹೊತ್ತೂ ಬೆಳ್ತಿಗೆ ಅಕ್ಕಿಯ ಅನ್ನ, ತೆಂಗಿನಕಾಯಿ ಅರೆದು ಹಾಕಿದ ಹುಳಿ, ಕೊಬ್ಬರಿಎಣ್ಣೆಯ ಒಗ್ಗರಣೆ. ತಲೆಗೆ ಹಚ್ಚುವ ಎಣ್ಣೆಯು ಸಾರಿನಲ್ಲಿ ತೇಲುವುದನ್ನು ಕಂಡು ಮೊದಲ ವಾರ ನಾವು ಬರಿಯ ಮಜ್ಜಿಗೆ ಅನ್ನವನ್ನು ಉಂಡು ಎದ್ದೆವು. ಪಕ್ಕದಲ್ಲಿ ಕೂಡುತ್ತಿದ್ದ ಕರಾವಳಿಯ ಸಹಪಾಠಿಗೆ, ನಾವು ಊರಿನಿಂದ ಕಟ್ಟಿಕೊಂಡು ಹೋಗಿದ್ದ ಗುರೆಳ್ಳು ಹಿಂಡಿಯು ಸುಟ್ಟ ಬೂದಿಯಂತೆ ಕಂಡಿತು. ಅಲ್ಲಿಯ ಗುಳ್ಳದ ಬದನೆಕಾಯಿಯ ವಿಷಯವೂ ನಮಗೆ ಹೊಸದು. ಮಟ್ಟು ಗ್ರಾಮದವರಿಗೆ ಶ್ರೀ ವಾದಿರಾಜರು ಬೀಜವನ್ನು ಅನುಗ್ರಹಿಸಿದರೆಂಬ ಐತಿಹ್ಯವಿರುವ ಆ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ನಮ್ಮ ಕಡೆಯ ಎಣಗಾಯಿಯನ್ನು ತಿಂದು ಬೆಳೆದವರಿಗೆ ಅದು ನೀರುನೀರಾಗಿ ತೋರಿತು. ಆದರೆ ಎರಡನೆಯ ವರ್ಷದ ಹೊತ್ತಿಗೆ ನಾವು ಕೊಬ್ಬರಿಎಣ್ಣೆಯ ವಾಸನೆ ಬಂದರೆ ಬೇಗ ಬೇಗ ಕೈಕಾಲು ತೊಳೆದುಕೊಂಡು ಪಂಕ್ತಿಗೆ ಓಡುತ್ತಿದ್ದೆವು. ಯಾರೂ ಒತ್ತಾಯ ಮಾಡಲಿಲ್ಲ. ಹಸಿವೆ, ಜೊತೆಯವರು, ಮತ್ತು ಬೇರೆ ಏನೂ ಇಲ್ಲದಿರುವಿಕೆ, ಈ ಮೂರೇ ನಮ್ಮನ್ನು ತಿದ್ದಿದವು.

ಮೂರನೆಯ ವರ್ಷ ರಜೆಗೆ ಊರಿಗೆ ಬಂದಾಗ ನಡೆದುದನ್ನು ಬರೆಯಲು ಇಂದಿಗೂ ಸಂಕೋಚವಾಗುತ್ತದೆ. ತಾಯಿಯವರು ಬಿಸಿ ರೊಟ್ಟಿ, ಕೆಂಪುಖಾರ ಬಡಿಸಿದರು. ನಾವು ಎರಡು ತುತ್ತು ತಿಂದು ಕೈ ಹಿಂದೆ ತೆಗೆದೆವು. "ಯಾಕಪ್ಪಾ, ರೊಟ್ಟಿ ಸೇರವಲ್ದೇನು?" ಎಂದರು. ಆಗತಾನೆ ಗೀತೆಯ ಹದಿನೇಳನೆಯ ಅಧ್ಯಾಯದ ಪಾಠವಾಗಿತ್ತು. ಕಟುವಾದುದು, ತೀಕ್ಷ್ಣವಾದುದು, ರೂಕ್ಷವಾದುದು ರಾಜಸರಿಗೆ ಪ್ರಿಯವೆಂದು ಭಗವಂತನೇ ಹೇಳಿದ್ದಾನೆ. ಒಣ ರೊಟ್ಟಿ ರೂಕ್ಷ, ಈ ಖಾರ ತೀಕ್ಷ್ಣ. ಇದು ಸಾತ್ತ್ವಿಕ ಆಹಾರವಲ್ಲ ಎಂದು ನಾವು ಉಪನ್ಯಾಸ ಮಾಡಿದೆವು. ತಾಯಿಯವರು ಏನೂ ಅನ್ನಲಿಲ್ಲ. ರೊಟ್ಟಿಯ ಬುಟ್ಟಿಯನ್ನು ಮುಚ್ಚಿಟ್ಟು ನಮಗೆ ಅನ್ನಕ್ಕೆ ಇಟ್ಟರು.

ಆ ರಾತ್ರಿ ತಂದೆಯವರು ನಮ್ಮನ್ನು ಕೂಡಿಸಿಕೊಂಡು ಅದೇ ಶ್ಲೋಕಗಳನ್ನು ಮತ್ತೆ ಓದಿಸಿದರು. ಅವರು ತೋರಿಸಿದ ಮೊದಲ ಮಾತು 'ಪ್ರಿಯ' ಎಂಬುದು. ಅಲ್ಲಿ ಭಗವಂತನು ಧಾನ್ಯಗಳ, ಕಾಯಿಪಲ್ಯಗಳ ಪಟ್ಟಿಯನ್ನು ಕೊಟ್ಟಿಲ್ಲ. ಯಾರಿಗೆ ಎಂಥದು ಪ್ರಿಯವೆಂಬುದರಿಂದ ಅವರವರ ಸ್ವಭಾವವು ತಿಳಿಯುತ್ತದೆಂದು ಹೇಳಿದ್ದಾನೆ. ಅದನ್ನು ಹಿಡಿದು ತನ್ನನ್ನು ಪರೀಕ್ಷಿಸಿಕೊಳ್ಳಬೇಕೇ ಹೊರತು ಇನ್ನೊಬ್ಬರ ತಾಟನ್ನು ಇಣುಕಬಾರದು. ಎರಡನೆಯದು 'ಅತಿ' ಎಂಬ ಮಾತು. ಅದು ಬಿಸಿಯೊಂದಕ್ಕೇ ಅಲ್ಲ, ಕಟು, ಆಮ್ಲ, ಲವಣ ಎಲ್ಲಕ್ಕೂ ಅನ್ವಯಿಸುತ್ತದೆಂದು ಹಲವು ವ್ಯಾಖ್ಯಾನಕಾರರು ಹೇಳಿದ್ದಾರೆ. ಮೂರನೆಯದಾಗಿ, ಪ್ರೀತಿಯನ್ನು ವರ್ಧಿಸುವುದೂ ಸಾತ್ತ್ವಿಕ ಆಹಾರದ ಲಕ್ಷಣಗಳಲ್ಲಿ ಒಂದೆಂದು ಅಲ್ಲಿಯೇ ಇದೆ. "ನಿನ್ನ ಪಾಂಡಿತ್ಯದಿಂದ ಈ ಹೊತ್ತು ಮನ್ಯಾಗ ಏನು ಹೆಚ್ಚಾತು, ನೀನಽ ಹೇಳು" ಎಂದು ಕೇಳಿ ಸುಮ್ಮನಾದರು. ಮಾರನೆಯ ದಿನ ಕನಕದಾಸರ ರಾಮಧಾನ್ಯ ಚರಿತೆಯ ಕಥೆಯನ್ನು ಹೇಳಿದರು. ಭತ್ತವೂ ನರೆದಲೆಗವೂ, ಎಂದರೆ ರಾಗಿಯೂ, ತಾನು ಶ್ರೇಷ್ಠ ತಾನು ಶ್ರೇಷ್ಠವೆಂದು ಕಲಹಮಾಡಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇರಿಸಿದನು. ಕೆಡದೆ ಉಳಿದ ರಾಗಿಗೆ ತನ್ನ ರಾಘವನೆಂಬ ಹೆಸರನ್ನೇ ಅನುಗ್ರಹಿಸಿದನು. ದಾಸಸಾಹಿತ್ಯದ ಮಡಿಲಲ್ಲಿ ಬೆಳೆದ ನಾವು ಅನ್ನವೇ ಬ್ರಾಹ್ಮಣರ ಆಹಾರ, ರೊಟ್ಟಿ ಕೀಳು ಎಂದುಕೊಳ್ಳುವುದಕ್ಕೆ ಆಸ್ಪದವೆಲ್ಲಿದೆ?

ಇನ್ನು ನಾವು 'ನಮ್ಮ ಪರಂಪರೆಯ ಅಡಿಗೆ' ಎಂದು ಹೆಮ್ಮೆಪಡುವ ವಸ್ತುಗಳನ್ನೇ ನೋಡೋಣ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ವಾಸ್ಕೋ ಡ ಗಾಮಾ 1498ರಲ್ಲಿ ಕಲ್ಲಿಕೋಟೆಗೆ ಬಂದನು, 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾಯಿತು. ಆ ಮೇಲೆಯೇ ಅದು ನಮ್ಮ ಹೊಲಗಳನ್ನು ಕಂಡುದು. ಹಾಗಾದರೆ ಹದಿಮೂರನೆಯ ಶತಮಾನದಲ್ಲಿ ಅವತರಿಸಿದ ಶ್ರೀಮದಾಚಾರ್ಯರಾಗಲಿ, ಹದಿನಾಲ್ಕನೆಯ ಶತಮಾನದ ಶ್ರೀ ಟೀಕಾಚಾರ್ಯರಾಗಲಿ ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನೇ ಕೇಳಿದವರಲ್ಲ! ಬಟಾಟಿ, ಟೊಮ್ಯಾಟೊ, ಶೇಂಗಾ, ಗೋವಿನಜೋಳ, ಪೇರಲ ಇವೂ ಅದೇ ದಿಕ್ಕಿನಿಂದ ಬಂದವು. ಇದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಮೊದಲು ಖಾರವೆಂದರೆ ಮೆಣಸು. ಹೊಸದಾಗಿ ಬಂದ ಕಾಯಿಗೆ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ಬಳಿಕ ಹಳೆಯದನ್ನು ಗುರುತಿಸಲು ನಾವು ಕಾಳು ಸೇರಿಸಿದೆವು, ಕರಾವಳಿಯವರು 'ಒಳ್ಳೆಮೆಣಸು' ಎಂದರು. ಅತಿಥಿಯು ಮನೆಯ ಯಜಮಾನನಾದಾಗ ಯಜಮಾನನಿಗೆ ವಿಶೇಷಣ ಬೇಕಾಯಿತು. ಬಟಾಟಿ ಎಂಬ ನಮ್ಮ ಉತ್ತರ ಕರ್ನಾಟಕದ ಮಾತೂ ಪೋರ್ತುಗೀಜರದೇ.

ಆದರೆ ಶ್ರಾದ್ಧದ ಅಡಿಗೆಯನ್ನು ನೋಡಿರಿ. ಅಲ್ಲಿ ಖಾರಕ್ಕೆ ಇಂದಿಗೂ ಮೆಣಸಿನಕಾಳು. ಬಟಾಟಿ, ಟೊಮ್ಯಾಟೊ, ಕೋಸುಗಡ್ಡೆಗಳಿಗೆ ಪ್ರವೇಶವಿಲ್ಲ. ಶಾಕವ್ರತದಲ್ಲಿಯೂ ಹಾಗೆಯೇ. ಪಿತೃಗಳಿಗೆ ಅವರು ಬಲ್ಲ ಊಟವನ್ನೇ ಬಡಿಸುತ್ತೇವೆಂದು ನಮ್ಮ ಅಜ್ಜಿಯವರು ಹೇಳುತ್ತಿದ್ದರು. ಇತಿಹಾಸಕಾರರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಶಾಕವ್ರತದಲ್ಲಿ ಒಲೆಯ ಬಳಿ ಉಳಿಯುವ ಹೆಸರು, ಉದ್ದು, ಮೆಣಸು, ಮಾವು ಇವು ನಾಲ್ಕೂ ಈ ಭೂಮಿಯವೇ. ಇದನ್ನು ಕಂಡು ಋಷಿಗಳು ಸ್ವದೇಶಿಯ ಪಟ್ಟಿ ಮಾಡಿದ್ದರೆಂದು ತೀರ್ಮಾನಿಸುವುದು ಮಾತ್ರ ಆತುರವಾದೀತು. ನಮ್ಮ ನೆಲದ್ದೇ ಆದ ತೊಗರಿಯು ಆಗ ಬಿಡುವ ಪಟ್ಟಿಯಲ್ಲಿದೆ. ನಾವು ಬಿಟ್ಟಿರಲಾರದ ಜೋಳವಾದರೋ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಹುಣಸೆಯ ಮೂಲವೂ ಅಲ್ಲಿಯದೇ. ಮಳೆಗಾಲದ ಸೊಪ್ಪಿನಲ್ಲಿ ಹುಳು ಇರುವುದರಿಂದ ಶಾಕವು ವರ್ಜ್ಯವೆಂದು ಕೆಲವರು ಕಾರಣ ಹೇಳುತ್ತಾರೆ. ನಮಗೆ ಅದು ಸಮಾಧಾನ ಕೊಟ್ಟಿಲ್ಲ. ಹುಳುವಿನ ಭಯಕ್ಕೆ ಪಲ್ಯ ಬಿಟ್ಟರೆ, ಮಳೆ ಹಿಂದೆ ಸರಿದ ಕಾಲದಲ್ಲಿ ಬೇಳೆಯನ್ನು ಏಕೆ ಬಿಡಬೇಕು? ವ್ರತವನ್ನು ಹರಿಪ್ರೀತಿಗಾಗಿ ಮಾಡುವವನಿಗೆ ಇಂಥ ಊರುಗೋಲು ಬೇಕಾಗಿಲ್ಲ.

ಪಾಶ್ಚಾತ್ಯರೂ ಈ ರುಚಿಯ ವಿಷಯದಲ್ಲಿ ಬಹಳ ಶೋಧ ನಡೆಸಿದ್ದಾರೆ. ಪಾಲ್ ರೋಜಿನ್ ಎಂಬ ಮನಃಶಾಸ್ತ್ರಜ್ಞರು ಮೆಕ್ಸಿಕೊ ದೇಶದ ಒಂದು ಹಳ್ಳಿಯನ್ನು ಅಭ್ಯಸಿಸಿ 1980ರಲ್ಲಿ ಪ್ರಕಟಿಸಿದ ಲೇಖನವು ನಮ್ಮ ಬಾದಾಮಿ ಸೀಮೆಯನ್ನು ನೋಡಿಯೇ ಬರೆದಂತಿದೆ. ಅಲ್ಲಿಯೂ ಎಳೆಯ ಮಕ್ಕಳಿಗೆ ಖಾರವನ್ನು ಒತ್ತಾಯದಿಂದ ಹಾಕುವುದಿಲ್ಲ. ಹಿರಿಯರು ಉಣ್ಣುವುದನ್ನು ನೋಡುತ್ತ ನೋಡುತ್ತ ಐದಾರು ವರ್ಷದ ಮಗು ತಾನೇ ಬೇಡಿ ಹಾಕಿಸಿಕೊಳ್ಳುತ್ತದೆ. ಅದೇ ಮನೆಗಳ ಖಾರದ ಮುಸುರೆಯನ್ನು ನಿತ್ಯ ತಿನ್ನುವ ನಾಯಿ, ಹಂದಿಗಳಿಗೆ ಆಯ್ಕೆ ಕೊಟ್ಟರೆ ಅವು ಖಾರವಿಲ್ಲದ್ದನ್ನು ಬಿಟ್ಟು ಖಾರದ್ದನ್ನು ಬಯಸಲಿಲ್ಲವಂತೆ. ಖಾರವು ರುಚಿಯೇ ಅಲ್ಲ, ಉರಿ; ಸುಡುವ ಬಿಸಿಯನ್ನು ಅರಿಯುವ ನರದ ದ್ವಾರವನ್ನೇ ಮೆಣಸಿನಕಾಯಿಯ ಸತ್ವವೂ ತಟ್ಟುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಉರಿಯನ್ನು ಪ್ರೀತಿಸಲು ಮನುಷ್ಯನು ಕಲಿಯುತ್ತಾನೆ, ಅದೂ ತನ್ನವರ ನಡುವೆ ಕುಳಿತು. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಶೋಧದಂತೆ, ಗರ್ಭಿಣಿಯರಾಗಿದ್ದಾಗ ಇಲ್ಲವೆ ಮೊಲೆಯೂಡಿಸುವಾಗ ಗಜ್ಜರಿಯ ರಸವನ್ನು ಕುಡಿದ ತಾಯಂದಿರ ಮಕ್ಕಳು ಗಜ್ಜರಿ ಬೆರೆಸಿದ ಗಂಜಿಯನ್ನು ಮುಖ ಸಿಂಡರಿಸದೆ ಸ್ವೀಕರಿಸಿದವು. ಹಾಗಾದರೆ ನಾವು ಜೋಳದ ರುಚಿಯನ್ನು ತಾಟಿನಲ್ಲಿ ಕಾಣುವುದಕ್ಕಿಂತ ಮೊದಲೇ ಕಂಡಿದ್ದೆವು. ಎಲ್ಲವೂ ರೂಢಿಯೇ ಎಂದೂ ಹೇಳುವಂತಿಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಹಾರಿದ ಒಂದು ಪುಡಿಯು ಜೊತೆಗಾರನಿಗೆ ಕಡುಕಹಿಯಾಯಿತು, ಆತನಿಗೆ ಏನೂ ಅನ್ನಿಸಲಿಲ್ಲ. ಈ ಭೇದವು ಹುಟ್ಟಿನಿಂದ ಬಂದುದೆಂದು ಮುಂದೆ ಸಿದ್ಧವಾಯಿತು. ಮನೆಯಲ್ಲಿ ಒಂದು ಮಗುವು ಒಂದು ಪಲ್ಯವನ್ನು ಎಂದಿಗೂ ಮುಟ್ಟದಿದ್ದರೆ ಅದನ್ನು ಬರಿಯ ಹಟವೆಂದು ಬಡಿಯುವ ಮೊದಲು ಹಿರಿಯರು ಇದನ್ನು ನೆನೆಯಬೇಕು.

ಈ ಗ್ರಂಥಗಳೊಂದನ್ನೂ ಓದದ ನಮ್ಮ ತಾಯಿಯವರು ನಲವತ್ತು ವರ್ಷಗಳ ಶಾಕವ್ರತದಿಂದ ಕಂಡುಕೊಂಡುದನ್ನು ಒಮ್ಮೆ ನಮ್ಮ ಮನೆಯವರಿಗೆ ಹೇಳುತ್ತಿದ್ದರು. ಮೊದಲ ಎಂಟು ದಿನ ಖಾರವಿಲ್ಲದ ಊಟವು ಊಟವೇ ಅಲ್ಲವೆನಿಸುತ್ತದೆ. ಪುಂಡಿಪಲ್ಯವು ಕನಸಿನಲ್ಲಿ ಬರುತ್ತದೆ. ಹದಿನೈದು ದಿನಕ್ಕೆ ಮೆಣಸಿನ ಸಾರಿನಲ್ಲಿಯೇ ಖಾರ ಸಿಗುತ್ತದೆ, ಹೆಸರುಬೇಳೆಯು ಸಿಹಿಯಾಗಿದೆಯೆಂದು ಗೊತ್ತಾಗುತ್ತದೆ. ವ್ರತ ಮುಗಿದು ಕೆಂಪುಖಾರವನ್ನು ಮೊದಲ ಸಲ ನಾಲಿಗೆಗೆ ಇಟ್ಟರೆ, ಸಣ್ಣ ಮಗುವಿಗೆ ಹತ್ತಿದಂತೆ ಕಣ್ಣಲ್ಲಿ ನೀರು. "ಇದನ್ನ ಬಿಟ್ಟು ಇರಲಾರೆ ಅಂತಿದ್ದೆ, ಈಗ ಇದನ್ನ ತಿನ್ನಲಾರೆ ಅನಸ್ತದ. ನಾಲಿಗಿ ಮಾತು ನಂಬಬಾರ್ದು ತಂಗಿ" ಎಂದರು.

ಬಾದಾಮಿಯ ಸಮೀಪದ ಬನಶಂಕರಿಯ ಕ್ಷೇತ್ರವನ್ನು ಇಲ್ಲಿ ನೆನೆಯದೆ ಇರಲಾಗದು. ಆಕೆಯೇ ಶಾಕಂಭರಿ, ಬರಗಾಲದಲ್ಲಿ ತನ್ನ ಶರೀರದಿಂದ ಹುಟ್ಟಿದ ಶಾಕಗಳಿಂದ ಲೋಕವನ್ನು ಪೊರೆದವಳು. ಪುಷ್ಯಮಾಸದ ಜಾತ್ರೆಯಲ್ಲಿ ಪಲ್ಯೇದ ಹಬ್ಬವೆಂದು 108 ಬಗೆಯ ಕಾಯಿಪಲ್ಯಗಳ ನೈವೇದ್ಯವು ಆಕೆಗೆ ನಡೆಯುತ್ತದೆ. ದೇವಸ್ಥಾನದ ಅಂಗಳದಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಗಡಿಗೆಯಲ್ಲಿ ಮೊಸರು ತಂದು ಯಾತ್ರಿಕರಿಗೆ ಕರೆದು ಬಡಿಸುತ್ತಾರೆ. ಶಾಕವನ್ನು ಕೊಡುವ ದೇವಿಯ ಸೀಮೆಯಲ್ಲಿದ್ದು ಆಷಾಢದಲ್ಲಿ ಶಾಕವನ್ನು ಬಿಡುವ ನಮಗೆ ಇದರಲ್ಲಿ ವಿರೋಧವೇನೂ ಕಂಡಿಲ್ಲ. ಪ್ರಿಯವಲ್ಲದ್ದನ್ನು ಬಿಡುವುದಕ್ಕೆ ಸಂಕಲ್ಪವೇಕೆ? ಪಲ್ಯವು ಪ್ರಿಯವಾಗಿರುವುದರಿಂದಲೇ ಅದನ್ನು ಬಿಡುವುದು ವ್ರತವಾಯಿತು.

ಕಳೆದ ವರ್ಷದಿಂದ ವೈದ್ಯರು ತಾಯಿಯವರಿಗೆ ಉಪ್ಪು ಖಾರಗಳನ್ನು ಕಡಿಮೆ ಮಾಡಿಸಿದ್ದಾರೆ. ಹನ್ನೆರಡು ತಿಂಗಳ ಶಾಕವ್ರತ ಹಿಡಿದೇನೆಂದು ಅವರು ನಗುತ್ತಾರೆ. ಆದರೂ ಮನೆಯವರಿಗಾಗಿ ರೊಟ್ಟಿ ಬಡಿಯುವುದನ್ನು ಬಿಟ್ಟಿಲ್ಲ. ಪಾಠಶಾಲೆಯನ್ನು ಬಿಟ್ಟು ಬಿ.ಎ. ಮುಗಿಸಿ ಊರಿಗೆ ಮರಳಿದ ಮೇಲೆ ನಮಗೆ ರೊಟ್ಟಿಯು ಮತ್ತೆ ಸೇರಹತ್ತಿ ವರ್ಷಗಳೇ ಆಗಿವೆ. ಅದನ್ನು ಅವರೂ ಬಲ್ಲರು. ತಂದೆಯವರ ತಾಟಿಗೆ, ಸೊಸೆಯ ತಾಟಿಗೆ, ಮೊಮ್ಮಗನ ತಾಟಿಗೆ ಕೇಳದೆಯೇ ಬಿಸಿ ರೊಟ್ಟಿಯನ್ನು ಹಾಕುತ್ತ ಬರುತ್ತಾರೆ. ನಮ್ಮ ತಾಟಿನ ಮುಂದೆ ಬಂದಾಗ ಮಾತ್ರ ಕೈ ಒಂದು ಕ್ಷಣ ನಿಲ್ಲುತ್ತದೆ. "ರೊಟ್ಟಿ ಹಾಕ್ಲೇನಪ್ಪಾ?" ಎಂದು ಇಂದಿಗೂ ಕೇಳಿಯೇ ಹಾಕುತ್ತಾರೆ.